ರವಿಕೆಯೊಳಗಿನ ಹೀಬ್ರೂ

ಮೊನ್ನೆ ಗುರುವಾರ ಬೆಳಿಗ್ಗೆ ಕಪಾಟಿನ ಕೆಳಗಿನ ಖಾನೆಯಿಂದ ಒಂದು ರವಿಕೆ ತೆಗೆದೆ. ನೀಲಿ ಹತ್ತಿಯದು. ಹೊಲಿಸಿ ಎರಡು ವರ್ಷವಾಗಿದೆ, ಒಂದು ದಿನವೂ ಹಾಕಿಕೊಂಡದ್ದಲ್ಲ. ಇಸ್ತ್ರಿ ಮಾಡೋಣವೆಂದು ಒಳಮೈ ತಿರುಗಿಸಿದರೆ ಹೊಸ ಬಟ್ಟೆಯ ಗಂಜಿ ವಾಸನೆ, ಅದರ ಹಿಂದೆಯೇ ದರ್ಜಿಯವರ ಸೀಮೆಸುಣ್ಣದ ವಾಸನೆ. ಬೆನ್ನಿನ ಹೊಲಿಗೆಯ ಅಂಚಿನಲ್ಲಿ ಬಿಳಿ ಸುಣ್ಣದಲ್ಲಿ ಬರೆದ ಎರಡು ಅಕ್ಷರ ಹಾಗೆಯೇ ಇದ್ದವು. ನೀರು ಕಾಣದ ಬಟ್ಟೆ ನೋಡಿ, ಅಳಿಸಿಹೋಗಲು ಕಾರಣವೇ ಇರಲಿಲ್ಲ. ಒಂದು ಅಕ್ಷರ ಕೊಕ್ಕೆಯ ಹಾಗೆ ಮೇಲೆದ್ದಿದೆ, ಇನ್ನೊಂದು ಬಾಗಿಲಿನ ಚೌಕಟ್ಟಿನ ಹಾಗೆ ನಿಂತಿದೆ. ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಹೀಬ್ರೂ.

ಕುಂದಾಪುರದ ನಿವೃತ್ತ ಕನ್ನಡ ಟೀಚರೊಬ್ಬಳ ರವಿಕೆಯೊಳಗೆ ಹೀಬ್ರೂ ಹೇಗೆ ಬಂತೆಂದು ನೀವು ಕೇಳುತ್ತೀರಿ. ಕೇಳಲೇಬೇಕು. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಯಾಕೆಂದರೆ ನೆಟ್ಟಗೆ ಹೇಳಿದರೆ ನನ್ನ ಮರ್ಯಾದೆ ಎರಡೇ ವಾಕ್ಯದಲ್ಲಿ ಹೋಗಿಬಿಡುತ್ತದೆ. ಒಂದನ್ನು ಮಾತ್ರ ಮೊದಲೇ ಒಪ್ಪಿಕೊಳ್ಳುತ್ತೇನೆ. ಇದು ಹೊಟ್ಟೆಕಿಚ್ಚಿನ ಕಥೆ, ಹೊಟ್ಟೆ ನನ್ನದು.

ಆ ರವಿಕೆ ಹೊಲಿದವಳು ಸರೋಜಿನಿ. ನನಗೆ ಸರು. ಹಾಲಾಡಿ ಪೇಟೆಯಲ್ಲಿ ಬಸ್ಸುಗಳು ನಾಲ್ಕು ದಿಕ್ಕಿಗೂ ತಿರುಗುವ ಕಡೆ ಅವಳದೊಂದು ಹೊಲಿಗೆ ಅಂಗಡಿ ಇದೆ. ನಾವಿಬ್ಬರೂ ಒಂದೇ ಓರಗೆಯವರು, ಒಂದೇ ಕ್ರೈಸ್ತ ಸಭೆಯವರು. ಕುಂದಾಪುರದ ನಮ್ಮ ಚಿಕ್ಕ ದೇವಾಲಯದ ಸಂಡೇ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ಪುಸ್ತಕವನ್ನು ಆ ಕಡೆ ಈ ಕಡೆ ಎಳೆದಾಡಿ ಹರಿದವರು. ಹತ್ತನೇ ಕ್ಲಾಸಿನ ನಂತರ ಅವಳು ಹೊಲಿಗೆ ಮಿಷಿನಿನ ಮೇಲೆ ಕೂತಳು, ನಾನು ಕಾಲೇಜಿಗೆ ಹೋದೆ. ಅವಳು ಮದುವೆಯಾಗಿ ಹಾಲಾಡಿಗೆ ಹೋದಳು, ನಾನು ಎಂ.ಎ. ಮಾಡಿ ಹೈಸ್ಕೂಲಿನಲ್ಲಿ ಕನ್ನಡ ಟೀಚರಾದೆ. ನನ್ನ ರವಿಕೆಗಳನ್ನೆಲ್ಲ ಅವಳೇ ಹೊಲಿದಳು, ಅವಳ ಅರ್ಜಿಗಳನ್ನೆಲ್ಲ ನಾನೇ ಬರೆದೆ. ನಲವತ್ತು ವರ್ಷ ನಮ್ಮ ಸ್ನೇಹ ಬಹಳ ಸುಖವಾಗಿ ನಡೆಯಿತು. ಆ ಸುಖದ ಗುಟ್ಟು ನನಗೆ ಆಮೇಲೆ ತಿಳಿಯಿತು. ಯಾವಾಗಲೂ ನಾನು ಒಂದು ಹೆಜ್ಜೆ ಮುಂದೆ ಇದ್ದೆ, ಅಷ್ಟೇ.

ನಮ್ಮ ಸಭೆಯಲ್ಲಿ ಗುರುವಾರದ ಕೂಟ ಎಂದು ಒಂದಿದೆ. ಪ್ರತಿ ವಾರ ಸಂಜೆ ನಾಲ್ಕು ಗಂಟೆಗೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಇರುವುದೇ ಹದಿನೈದಿಪ್ಪತ್ತು ಮನೆ, ಅವು ಬೈಂದೂರಿನಿಂದ ಬ್ರಹ್ಮಾವರದವರೆಗೆ ಚದುರಿಕೊಂಡಿವೆ. ಚಾಪೆ ಹಾಸಿ ಕೂತು ಎರಡು ಹಾಡು ಹಾಡಿ, ಪ್ರಾರ್ಥನೆ ಮಾಡಿ, ಸತ್ಯವೇದವನ್ನು, ಅಂದರೆ ಕನ್ನಡ ಬೈಬಲನ್ನು, ಕೈಯಿಂದ ಕೈಗೆ ದಾಟಿಸುತ್ತೇವೆ. ಸರದಿ ಬಂದವರು ನಾಲ್ಕು ವಾಕ್ಯ ಓದುತ್ತಾರೆ. ಕೊನೆಗೆ ಒಬ್ಬರು ಅರ್ಥ ಹೇಳುತ್ತಾರೆ. ಆಮೇಲೆ ಕಾಫಿ. ಟ್ರೇಯಲ್ಲಿ ಬರುವ ಮೊದಲ ಲೋಟ ಅರ್ಥ ಹೇಳಿದವರಿಗೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ನಮ್ಮ ಅಜ್ಜಿಯರ ಕಾಲದಿಂದಲೂ ತಪ್ಪಿದ್ದಿಲ್ಲ. ಮೂವತ್ತು ವರ್ಷ ಆ ಲೋಟ ನನ್ನದಾಗಿತ್ತು. ಕಾಫಿ ಎಷ್ಟೋ ಮನೆಗಳಲ್ಲಿ ಕಲಗಚ್ಚಿನ ಹಾಗೆ ಇರುತ್ತಿತ್ತು, ಆದರೂ ಮೊದಲ ಲೋಟದ ರುಚಿಯೇ ಬೇರೆ.

ಓದುವವರು ತಪ್ಪಿದರೆ ತಿದ್ದುವ ಕೆಲಸವೂ ನನ್ನದೇ. ಯಾರೂ ಕೊಟ್ಟದ್ದಲ್ಲ, ನಾನೇ ಎತ್ತಿಕೊಂಡದ್ದು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಕೈಯಲ್ಲಿ ಒಂದು ಕೆಂಪು ಪೆನ್ನು ಇರುತ್ತಿತ್ತು, ಅದರ ತುದಿಯಿಂದ ನೆಲಕ್ಕೆ ಒಂದು ಸಲ ಟಕ್. ಕ್ಲಾಸಿನಲ್ಲಿ ಮೇಜು ಬಡಿದೂ ಬಡಿದೂ ಬಂದ ಅಭ್ಯಾಸ. ಟಕ್ ಎಂದರೆ ಓದುವವರು ನಿಲ್ಲಬೇಕು, ಹಿಂದೆ ಹೋಗಬೇಕು, ಸರಿಯಾಗಿ ಓದಬೇಕು. ಮಕ್ಕಳು ಹಾಗೆ ಮಾಡುತ್ತಿದ್ದರು, ಕೂಟದ ಹಿರಿಯರೂ ಹಾಗೆಯೇ ಮಾಡುತ್ತಿದ್ದರು. ದೇವರ ವಾಕ್ಯವನ್ನು ತಪ್ಪು ಓದಬಾರದೆಂಬ ಭಕ್ತಿ ಇದು ಎಂದು ನಾನು ನಂಬಿದ್ದೆ.

ಸರು ಕೂಡ ಮೊದಮೊದಲು ಓದುತ್ತಿದ್ದಳು. ಹಾಲಾಡಿ ಬಸ್ಸಿನ ಹಾಗೆ ಅವಳದು ಒಂದೇ ಓಟ, ಎಷ್ಟೋ ಸ್ಟಾಪಿನಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬರಬರುತ್ತ ಸರದಿ ಬಂದಾಗ ಪುಸ್ತಕವನ್ನು ಪಕ್ಕದವರಿಗೆ ದಾಟಿಸತೊಡಗಿದಳು. ಕೇಳಿದರೆ ಕನ್ನಡಕ ಸಮ ಇಲ್ಲ ಎನ್ನುತ್ತಿದ್ದಳು. ದಿನವಿಡೀ ಸೂಜಿಗೆ ನೂಲು ಪೋಣಿಸುವವಳಿಗೆ ಎಂಥ ಕನ್ನಡಕದ ನೆಪ ಎಂದು ಗದರಿ, ಒಂದು ಶನಿವಾರ ನಾನೇ ಅವಳನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಕಣ್ಣು ಚೆನ್ನಾಗಿದೆ, ಕನ್ನಡಕವೂ ಸರಿಯಾಗಿದೆ ಎಂದರು. ಹಾಗಾದರೆ ಇದು ಸೋಮಾರಿತನ ಎಂದು ನಾನು ತೀರ್ಪು ಕೊಟ್ಟೆ. ಸರು ಹಾಲಾಡಿ ಬಸ್ಸು ಹತ್ತಿದಳು.

ಈಗ ಬೈಂದೂರಿನ ಆ ಗುರುವಾರಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದಿನ ಮಾತು. ಕೂಟ ಬೈಂದೂರಿನ ಒಂದು ಮನೆಯಲ್ಲಿತ್ತು. ಆ ದಿನದ ಓದು ಸತ್ಯವೇದದ ಕೀರ್ತನೆಗಳಿಂದ. ನಾನು ರಾತ್ರಿಯೇ ತಯಾರಿ ಮಾಡಿಕೊಂಡು, ಹೇಳಬೇಕಾದದ್ದನ್ನು ಸಣ್ಣ ಚೀಟಿಯಲ್ಲಿ ಬರೆದು ತಂದಿದ್ದೆ. ಸತ್ಯವೇದ ಸುತ್ತಿ ಸರುವಿನ ಕೈಗೆ ಬಂತು. ದಾಟಿಸುತ್ತಾಳೆ ಎಂದುಕೊಂಡೆ. ದಾಟಿಸಿದಳು. ದಾಟಿಸಿದವಳು ತನ್ನ ಚೀಲದಿಂದ ದಪ್ಪನೆಯ ಇನ್ನೊಂದು ಪುಸ್ತಕ ತೆಗೆದು, ನಾವು ಪುಸ್ತಕ ಮುಗಿಸುವ ಕಡೆಯಿಂದ ಅದನ್ನು ತೆರೆದು, ಅದೇ ಕೀರ್ತನೆಯ ಮೊದಲ ಸಾಲನ್ನು ಅದರ ಮೂಲ ಭಾಷೆಯಾದ ಹೀಬ್ರೂವಿನಲ್ಲಿ ಓದಿದಳು. ಬಲದಿಂದ ಎಡಕ್ಕೆ ಬೆರಳಿಟ್ಟು, ನಿಧಾನವಾಗಿ, ಒಂದು ಕಡೆಯೂ ತಡವರಿಸದೆ. ಹಾಲಾಡಿ ಬಸ್ಸು ಅಲ್ಲವೇ ಅಲ್ಲ.

ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಆ ಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ದಾವೀದ ಅರಸ ಈ ಕೀರ್ತನೆಯನ್ನು ಹೀಗೆಯೇ ಹೇಳಿದ್ದನಾ ಮಗಳೇ ಎಂದು ಕೇಳಿದರು. ಹೆಚ್ಚುಕಮ್ಮಿ ಹೀಗೆಯೇ ಇರಬೇಕು ಎಂದಳು ಸರು. ಆಮೇಲೆ ನಾನು ಚೀಟಿ ನೋಡಿಕೊಂಡು ಹದಿನೈದು ನಿಮಿಷ ಅರ್ಥ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಎಲ್ಲರೂ ಸರುವಿನ ಪುಸ್ತಕದ ಕಡೆಗೇ ನೋಡುತ್ತಿದ್ದರು. ಕಾಫಿ ಬಂತು. ಟ್ರೇ ನನ್ನ ಮುಂದಿನಿಂದ ಹಾದು, ಚಾಪೆಯ ಆ ತುದಿಯಲ್ಲಿ ಕೂತಿದ್ದ ಸರುವಿನ ಎದುರು ನಿಂತಿತು.

ಆ ಕ್ಷಣ ನನಗೆ ಏನಾಯಿತೆಂದು ನಿಮಗೆ ಹೇಗೆ ಹೇಳಲಿ? ಎದೆಯ ಕೆಳಗಿನಿಂದ ಒಂದು ಉರಿ ಎದ್ದು ಕಿವಿಯ ತನಕ ಹೋಯಿತು. ಎರಡನೆಯ ಲೋಟ ನನಗೆ ಬಂತು. ಅದೇ ಪಾತ್ರೆಯ ಕಾಫಿ, ಅದೇ ಹಾಲು. ಅರ್ಧ ಲೋಟ ಹಾಗೆಯೇ ಟ್ರೇಗೆ ಇಟ್ಟೆ. ವಾಪಸು ಬರುವ ಬಸ್ಸಿನಲ್ಲಿ ಸರು ಪಕ್ಕದಲ್ಲೇ ಕೂತು ಎಲ್ಲ ಹೇಳಿದಳು. ಫೋನಿನಲ್ಲಿ ಯಾರೋ ಪಾಠ ಮಾಡುತ್ತಾರಂತೆ, ಇವಳು ಕಿವಿಗೆ ಸಿಕ್ಕಿಸಿಕೊಂಡು ಮಿಷಿನ್ ತುಳಿಯುತ್ತ ಕೇಳುತ್ತಾಳಂತೆ, ಮೂರು ವರ್ಷವಾಯಿತಂತೆ, ಹೀಬ್ರೂ ಒಂದು ಹದಕ್ಕೆ ಬಂದ ಮೇಲೆ ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕನ್ನೂ ಶುರುಮಾಡುತ್ತಾಳಂತೆ. ಮೂರು ವರ್ಷ! ನನಗೆ ಒಂದು ಮಾತು ಹೇಳಿರಲಿಲ್ಲ. ಒಳ್ಳೆಯದು ಎಂದೆ. ಎಷ್ಟು ಒಣಗಿದ ದನಿಯಲ್ಲಿ ಎಂದಿರಬೇಕೆಂದರೆ, ಅವಳು ಕಿಟಕಿಯ ಹೊರಗೆ ನೋಡತೊಡಗಿದಳು.

ಮುಂದಿನ ವಾರಗಳಲ್ಲಿ ನಮ್ಮ ಸಭೆಯಲ್ಲಿ ಅದೊಂದೇ ಚರ್ಚೆ. ನಾವು ನಮ್ಮಷ್ಟಕ್ಕೆ ಮನೆಯಲ್ಲಿ ಸತ್ಯವೇದ ಓದುವವರು, ನಮಗೂ ಗ್ರೀಕ್ ಹೀಬ್ರೂ ಬೇಕೇ? ಕೆಲವರು ಬೇಕು ಎಂದರು. ಬೇಡ ಎಂಬ ಪಕ್ಷಕ್ಕೆ ನಾನೇ ನಾಯಕಿ. ಎರಡೂ ಭಾಷೆ ಅರೆದು ಕುಡಿದವರು ವರ್ಷಗಟ್ಟಲೆ ಕೂತು ಕನ್ನಡಕ್ಕೆ ತಂದಿದ್ದಾರೆ, ಅವರಿಗಿಂತ ನಾವು ಹೆಚ್ಚಾ ಎಂದೆ. ಅರ್ಧ ಕಲಿತವರು ಪೂರ್ತಿ ತಿಳಿದವರ ಹಾಗೆ ಮಾತಾಡುವುದು ಅಪಾಯ ಎಂದೆ. ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ನನ್ನ ಅಜ್ಜಿಗೆ ಹೀಬ್ರೂ ಹೋಗಲಿ, ಕನ್ನಡ ಓದಲೂ ಬರುತ್ತಿರಲಿಲ್ಲ, ಅವರು ಸ್ವರ್ಗಕ್ಕೆ ಹೋಗಲಿಲ್ಲವೇ? ಸರು, ಹೌದು, ನಿನ್ನ ಅಜ್ಜಿ ಖಂಡಿತ ಹೋಗಿದ್ದಾರೆ ಎಂದು ಮನಸ್ಸಿನಿಂದಲೇ ಒಪ್ಪಿದಳು. ಅದು ನನ್ನನ್ನು ಇನ್ನಷ್ಟು ಉರಿಸಿತು.

ಈಗ ನೆನೆದರೆ ನನ್ನ ವಾದದಲ್ಲಿ ಸುಳ್ಳೇನೂ ಇರಲಿಲ್ಲ. ಕನ್ನಡದಲ್ಲಿ ಓದಿ ಬಾಳಿದವರು, ಸಾಯುವಾಗ ಅದರಿಂದಲೇ ಧೈರ್ಯ ತಂದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಮಾತು ಸರಿಯಾಗಿಯೇ ಇತ್ತು, ಮಾತಾಡಿದವಳ ಹೊಟ್ಟೆ ಸರಿ ಇರಲಿಲ್ಲ.

ಆ ದಿನಗಳಲ್ಲೇ ಈ ನೀಲಿ ರವಿಕೆ ಹಾಲಾಡಿಯಿಂದ ಬಂತು. ಬಿಚ್ಚಿ ನೋಡಿದರೆ ಒಳಗೆ ಎರಡು ಅಕ್ಷರ. ನನ್ನ ಪಿತ್ತ ನೆತ್ತಿಗೇರಿತು. ಬೈಂದೂರಿನಲ್ಲಿ ಮೆರೆದದ್ದು ಸಾಲದೆ ನನ್ನ ಬೆನ್ನ ಮೇಲೂ ಬರೆಯಬೇಕೇ ಇವಳು? ಏನು ಬರೆದಿರಬಹುದು? ನನ್ನ ಬಗ್ಗೆಯೇ ಏನೋ ಇರಬೇಕು. ಅವಳನ್ನೇ ಕೇಳಬಹುದಿತ್ತು. ಕೇಳಿದರೆ ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಅಕ್ಷರಗಳನ್ನು ಒಂದು ಕಾಗದಕ್ಕೆ ಇಳಿಸಿಕೊಂಡು ಬ್ರಹ್ಮಾವರದ ಬಸ್ಸು ಹತ್ತಿದೆ.

ಬ್ರಹ್ಮಾವರದಲ್ಲಿ ನಮ್ಮ ನಿವೃತ್ತ ಅಯ್ಯನವರೊಬ್ಬರು ಇದ್ದಾರೆ. ನಮ್ಮ ಕಡೆ ಪಾದ್ರಿಗಳನ್ನು ಅಯ್ಯನವರು ಎನ್ನುವುದು ವಾಡಿಕೆ. ಎಂಬತ್ತು ದಾಟಿದ್ದಾರೆ, ಜಗಲಿಯಲ್ಲಿ ಕೂತು ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದರು. ಸ್ವಂತ ಅಧ್ಯಯನಕ್ಕೆ ಗ್ರೀಕ್ ಹೀಬ್ರೂ ಕಲಿಯಬೇಕೆಂದಿದ್ದೇನೆ ಎಂದೆ. ಅವರು ತಲೆಯೆತ್ತಿ ನನ್ನನ್ನು ಒಂದು ಗಳಿಗೆ ನೋಡಿದರು.

“ಕಲಿಯಿರಿ. ಆದ್ರೆ ಯಾರಿಗಾಗಿ ಅಂತ ಒಮ್ಮೆ ಕೇಳ್ಕೊಳ್ಳಿ. ನಾನು ಕಲ್ತಿದ್ದೆ. ಭಾನುವಾರ ದೇವಾಲಯದ ಪ್ರಸಂಗದಲ್ಲಿ ‘ಮೂಲದಲ್ಲಿ ಹೀಗಿದೆ’ ಅಂದಾಗ ಎದುರು ಕೂತವರ ಮುಖ ಕಾಣ್ಬೇಕಿತ್ತು. ಆ ಮಾತು ಬಾಯಿಗೆ ಬಹಳ ರುಚಿ. ಆ ರುಚಿಗೇ ನಾನು ಅರ್ಧ ಆಯುಷ್ಯ ಕಳೆದೆ.”

ನನಗೆ ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ. ಮಾತು ತಿರುಗಿಸಲು ಕಾಗದ ತೆಗೆದುಕೊಟ್ಟೆ. ಅವರು ಅದನ್ನು ಕಣ್ಣ ಹತ್ತಿರ ಹಿಡಿದು, ಲಾಮೆದ್, ಹೇತ್ ಎಂದು ಓದಿದರು. ಇದು ಮಾತಲ್ಲ, ಸಂಖ್ಯೆ ಇರಬೇಕು, ಹೀಬ್ರೂವಿನಲ್ಲಿ ಅಕ್ಷರಗಳನ್ನೇ ಅಂಕಿಯಾಗಿಯೂ ಬಳಸುತ್ತಾರೆ, ಇದು ಮೂವತ್ತು, ಇದು ಎಂಟು, ಮೂವತ್ತೆಂಟು ಎಂದರು. ಯಾರು ಕೊಟ್ಟದ್ದು, ಮೂವತ್ತೆಂಟನೆಯ ಕೀರ್ತನೆ ಓದಲು ಹೇಳಿದ್ದಾರೋ ಏನೋ, ಪಶ್ಚಾತ್ತಾಪದ ಕೀರ್ತನೆ ಅದು ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೊರಡುವಾಗ ಹೀಬ್ರೂವಿನ ಅಕ್ಷರಗಳನ್ನೆಲ್ಲ ಅಂಕಿಗಳ ಸಮೇತ ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ಸರೋಜಿನಿಗೆ ಚೆನ್ನಾಗಿ ಬರುತ್ತದಂತೆ, ಅವಳಲ್ಲೇ ಕಲಿಯಬಹುದಲ್ಲ ಎಂದು ಗೇಟಿನ ತನಕ ಬಂದು ಹೇಳಿದರು.

ಬಸ್ಸಿನಲ್ಲಿ ಕೂತವಳು ಕುದಿಯುತ್ತಲೇ ಇದ್ದೆ. ಪಶ್ಚಾತ್ತಾಪ ಪಡು ಎನ್ನಲು ಇವಳು ಯಾರು? ಸಾಲಿಗ್ರಾಮ ಸ್ಟಾಪಿನಲ್ಲಿ ಹೊಲಿಗೆ ಚೀಲ ಹಿಡಿದ ಹೆಂಗಸೊಬ್ಬರು ಹತ್ತಿ ನನ್ನ ಪಕ್ಕ ಕೂತರು. ಚೀಲದಿಂದ ಅಳತೆಯ ಟೇಪು ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿದ್ದೇ ತಡ ನನ್ನ ಕಿವಿ ಬಿಸಿಯಾಯಿತು. ಮೂವತ್ತೆಂಟು ನನ್ನ ಎದೆಯ ಅಳತೆ. ನಾನು ನನ್ನ ಎದೆಯಳತೆಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ಎಂಬತ್ತು ದಾಟಿದ ಅಯ್ಯನವರಿಂದ ಗಟ್ಟಿಯಾಗಿ ಓದಿಸಿಕೊಂಡು ಬಂದಿದ್ದೆ.

ನೀವು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆ ದಿನ ನಾನೂ ನಕ್ಕಿದ್ದರೆ, ನೇರ ಹಾಲಾಡಿಗೆ ಹೋಗಿ ಸರುವಿಗೆ ಹೇಳಿದ್ದರೆ, ಎರಡು ವರ್ಷ ಉಳಿಯುತ್ತಿತ್ತು. ನಗಲಿಲ್ಲ. ಅವಮಾನಕ್ಕೂ ಅವಳೇ ಕಾರಣ ಎಂದುಕೊಂಡೆ. ರವಿಕೆಯನ್ನು ಕೆಳಗಿನ ಖಾನೆಗೆ ತುರುಕಿದೆ. ಅಂದಿನಿಂದ ನನ್ನ ಬಟ್ಟೆಗಳನ್ನು ಕುಂದಾಪುರದಲ್ಲೇ ಬೇರೆಯವರಿಗೆ ಹೊಲಿಯಲು ಕೊಟ್ಟೆ. ಮೊದಲ ಗುರುವಾರ ಆ ಹೊಸ ರವಿಕೆ ಹಾಕಿಕೊಂಡು ಹೋದಾಗ ಸರು ತೋಳಿನ ಹೊಲಿಗೆಯನ್ನು ಒಮ್ಮೆ ನೋಡಿದಳು. ದರ್ಜಿಯ ಕಣ್ಣು, ಗೊತ್ತಾಗದೆ ಇರುತ್ತದೆಯೇ? ನಾವು ಕೂಟದಲ್ಲಿ ಸಿಗುತ್ತಿದ್ದೆವು, ಮಳೆ ಬಿಸಿಲಿನ ಮಾತಾಡುತ್ತಿದ್ದೆವು, ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು.

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ. ಬೇಡದ ಪಕ್ಷದ ನಾಯಕಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಗ್ರೀಕ್ ಕಲಿಯಲು ಕೂತಿದ್ದಳು. ಗ್ರೀಕೇ ಯಾಕೆಂದರೆ ಸರು ಅದನ್ನಿನ್ನೂ ಶುರುಮಾಡಿರಲಿಲ್ಲ, ಅವಳಿಗಿಂತ ಮೊದಲು ಆ ಊರಿಗೆ ನಾನು ತಲುಪಬೇಕಿತ್ತು. ಫೋನಿಗೆ ಒಂದು ಆಪ್ ಹಾಕಿಕೊಂಡೆ. ಸರಿ ಉತ್ತರ ಒತ್ತಿದರೆ ಗಂಟೆ ಬಾರಿಸುತ್ತದೆ, ತಪ್ಪಿದರೆ ಟೊಂಯ್ ಎನ್ನುತ್ತದೆ. ನನ್ನ ಕೋಣೆಯಿಂದ ಟೊಂಯ್ ಟೊಂಯ್ ಎಂದೇ ಕೇಳುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಗೊತ್ತಿದ್ದದ್ದೂ ಮರೆತುಹೋಗುತ್ತಿತ್ತು. ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ನಕ್ಕ ಹಾಗೆ ಆಗುತ್ತಿತ್ತು. ಐದನೆಯ ದಿನ ಸದ್ದು ಬಂದ್ ಮಾಡಿದೆ. ಹತ್ತೊಂಬತ್ತನೆಯ ದಿನ ಆಪನ್ನೇ ತೆಗೆದುಹಾಕಿದೆ. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, “ಎಂತ, ಗ್ರೀಕರ್ ಸೋತ್ರಾ?” ಎಂದು ಕೇಳಿದರು. ಅಯ್ಯನವರು ಕೊಟ್ಟ ಹೀಬ್ರೂ ಹಾಳೆಯನ್ನು ಮಾತ್ರ ಎಸೆಯಲು ಮನಸ್ಸಾಗಲಿಲ್ಲ. ಅನ್ನಕ್ಕೆ ಇಟ್ಟ ನೀರು ಕುದಿಯುವ ತನಕ ಅದನ್ನು ಹಿಡಿದು ನಿಲ್ಲುತ್ತಿದ್ದೆ. ಇಪ್ಪತ್ತೆರಡೇ ಅಕ್ಷರ ನೋಡಿ, ಅವುಗಳ ಕೆಳಗೆ ಸ್ವರಕ್ಕೆಂದು ಹಾಕುವ ಚುಕ್ಕೆ ಗೆರೆಗಳ ಸಮೇತ ಹೇಗೋ ತಲೆಗೆ ಹತ್ತಿಬಿಟ್ಟವು.

ಹೀಗೆ ಎರಡು ವರ್ಷ ಕಳೆದು ಮೊನ್ನೆಯ ಗುರುವಾರ ಬಂತು. ಕೂಟ ನಮ್ಮ ಮನೆಯಲ್ಲೇ. ಉಡಬೇಕೆಂದಿದ್ದ ಸೀರೆಗೆ ಹೊಂದುವುದು ಆ ನೀಲಿ ರವಿಕೆಯೊಂದೇ. ಇಸ್ತ್ರಿ ಮಾಡಿ ತೊಟ್ಟು ನೋಡಿದೆ. ಗುಂಡಿ ಕೂಡಲಿಲ್ಲ. ಉಸಿರು ಬಿಗಿಹಿಡಿದರೂ ಕೂಡಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ, ಹೊಲಿಗೆಯ ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದಳು. ಮುಂದೆ ನಾನು ದಪ್ಪವಾಗುತ್ತೇನೆಂದು ಅವಳಿಗೆ ಗೊತ್ತಿತ್ತು. ಕುಂದಾಪುರದವರು ಹೊಲಿದ ಯಾವ ರವಿಕೆಯಲ್ಲೂ ಹಾಗೆ ಬಿಟ್ಟಿರಲಿಲ್ಲ. ಎಂಟೂವರೆಯ ಬಸ್ಸಿಗೆ ಹಾಲಾಡಿಗೆ ಹೊರಟೆ.

ಸರು ಮಿಷಿನಿನ ಮುಂದೆ ಕೂತಿದ್ದಳು. ನನ್ನನ್ನು ನೋಡಿದಳು, ಕೈಯಲ್ಲಿದ್ದ ರವಿಕೆಯನ್ನು ನೋಡಿದಳು.

“ಎಂತ, ಹಾಕಿ ಕಾಂಬುಕೆ ಎರಡ್ ವರ್ಷ ಬೇಕಾಯ್ತಾ?” ಎಂದಳು.

ಎದ್ದು ಟೇಪು ತೆಗೆದು ನನ್ನ ಸುತ್ತ ಹಿಡಿದಳು. ಹಳೆಯ ಅಕ್ಷರಗಳನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ ಹೊಸದೊಂದನ್ನು ಬರೆದಳು. ಮೂವತ್ತೆಂಟಕ್ಕೆ ಎರಡಕ್ಷರ ಬೇಕಿತ್ತು, ಈ ಸಲ ಒಂದೇ. ಮೇಮ್, ನಲವತ್ತು ಎಂದು ನನ್ನ ಬಾಯಿಂದ ಹೊರಗೆ ಬಿದ್ದೇಬಿಟ್ಟಿತು. ಸರುವಿನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೆಯೇ ನಿಂತಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬ್ರಹ್ಮಾವರದ ಕಥೆಯಿಂದ ಹಿಡಿದು ಟೊಂಯ್ ತನಕ ಎಲ್ಲ ಹೇಳಿದೆ. ಅಯ್ಯನವರು ನನ್ನ ಅಳತೆಯನ್ನು ಓದಿದ್ದನ್ನು ಕೇಳಿ ಅವಳು ಕತ್ತರಿ ಕೆಳಗಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಗಿರಾಕಿಗಳ ಅಳತೆಯನ್ನೆಲ್ಲ ಹೀಗೆಯೇ ಬರೆದು ಬರೆದು ಅಕ್ಷರ ಕಲಿತಳಂತೆ, ನನ್ನದನ್ನು ಮಾತ್ರ ಬೈಂದೂರಿನ ದಿನದ ತನಕ ಮಾಮೂಲಿ ಅಂಕಿಯಲ್ಲೇ ಬರೆಯುತ್ತಿದ್ದಳಂತೆ. ಹಾಲಾಡಿ ಸುತ್ತಲಿನ ಹೆಂಗಸರ ಸೊಂಟವೆಲ್ಲ ಈಗ ಹೀಬ್ರೂವಿನಲ್ಲಿದೆ. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲವೆಂದು ಅವರಿಗೂ ಖುಷಿಯಂತೆ.

ನಕ್ಕು ಮುಗಿದ ಮೇಲೆ ಅವಳು ಬ್ಲೇಡು ಹಿಡಿದು ಪಕ್ಕದ ಹೊಲಿಗೆ ಬಿಚ್ಚಲು ಕೂತಳು. ಎರಡು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

“ಸರೂ, ನಿಂಗೆ ಇದೆಲ್ಲ ಎಂತಕೆ ಬೇಕಿತ್ತ್? ಕನ್ನಡದಗೆ ಇಲ್ದೆ ಇಪ್ಪುದ್ ಅಲ್ಲಿ ಎಂತ ಇತ್ತ್?”

ಅವಳು ತಲೆಯೆತ್ತಲಿಲ್ಲ. ಬೇರೆಯವರು ಹೊಲಿದ ರವಿಕೆಯನ್ನು ಬಿಚ್ಚಿ ನೋಡಿದರೆ ಎಲ್ಲಿ ಹೇಗೆ ಕತ್ತರಿಸಿದ್ದಾರೆಂದು ತಿಳಿಯುತ್ತದಲ್ಲ, ಹಾಗೆ ಒಂದೊಂದೇ ಮಾತು ಬಿಚ್ಚಿ ನೋಡುವುದರಲ್ಲಿ ಒಂದು ಸುಖ ಇದೆ ಎಂದಳು. ತೊಟ್ಟುಕೊಳ್ಳಲು ಮಾತ್ರ ಕನ್ನಡದ್ದೇ ಸರಿ ಎಂದೂ ಹೇಳಿದಳು. ಇನ್ನೂ ನಾಲ್ಕು ಹೊಲಿಗೆ ಬಿಚ್ಚಿ, ಆಮೇಲೆ ಮೆಲ್ಲಗೆ ಹೇಳಿದಳು.

“ಅದೆಲ್ಲ ಕಡಿಗೆ ಗೊತ್ತಾದ್ದ್. ಸುರುವಿಗೆ ಅದಲ್ಲ. ನಂಗೆ ದೊಡ್ಡಕ್ಕೆ ಓದ್ಕ್ ಅಂತ ಆಸೆ ಇತ್ತ್ ಮಾರಾಯ್ತಿ. ಕನ್ನಡದಗೆ ಬಾಯಿ ತೆಗ್ದ್ರೆ ನಿನ್ನ್ ಪೆನ್ನ್ ಟಕ್ ಅಂತಿತ್ತ್. ಅಲ್ಲಿ ಟಕ್ ಅಂಬುಕೆ ಯಾರೂ ಇಲ್ಲೆ ಅಲ್ದಾ? ಅದ್ಕೇ ಅಷ್ಟ್ ದೂರ ಹೋದೆ.”

ಗಟ್ಟಿಯಾಗಿ ಓದಬೇಕೆಂಬ ಆ ಆಸೆಯನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೊರಗೆ ಶಂಕರನಾರಾಯಣದ ಕಡೆಗೆ ಹೋಗುವ ಬಸ್ಸಿನವರು ಕೂಗಿ ಜನ ಹತ್ತಿಸಿಕೊಳ್ಳುತ್ತಿದ್ದರು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತೇ ಇದ್ದೆ. ಫೋನಿನ ಟೊಂಯ್ ಸದ್ದನ್ನು ಐದು ದಿನವೂ ತಡೆಯಲಾಗದೆ ಬಾಯಿ ಮುಚ್ಚಿಸಿದವಳು ನಾನು. ಅವಳು ಎಷ್ಟು ಗುರುವಾರ ತಡೆದಿದ್ದಳೆಂದು ಎಣಿಸಲು ಹೋದೆ, ಧೈರ್ಯ ಸಾಲಲಿಲ್ಲ. ಅವಳನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದದ್ದು ನೆನಪಾಗಿ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮೂವತ್ತು ವರ್ಷ ಓದು ಕಲಿಸಿದವಳು ನಾನು. ಪಕ್ಕದಲ್ಲಿ ಕೂತ ಗೆಳತಿಯ ಓದು ನಿಲ್ಲಿಸಿದ್ದೂ ನಾನೇ. ತಪ್ಪಾಯಿತು ಎನ್ನಬೇಕಿತ್ತು. ಟೀಚರುಗಳಿಗೆ ಆ ಮಾತು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ನಂಗೂ ಕಲಿಸ್ತ್ಯಾ ಎಂದು ಕೇಳಿದೆ.

ಅವಳು ಹೀಬ್ರೂ ಪುಸ್ತಕವನ್ನು ನನ್ನ ಮುಂದೆ ಸರಿಸಿದಳು. ಬಲದ ತುದಿಯಲ್ಲಿ ಬೆರಳಿಟ್ಟು ಶುರುಮಾಡಿದೆ. ಅಕ್ಷರ ಗೊತ್ತಿದ್ದರೂ ಕೂಡಿಸಿ ಓದಲು ಹೋಗಿ ಎರಡನೆಯ ಪದಕ್ಕೇ ಎಡವಿದೆ. ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹೋದೆ. ತಪ್ಪುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿತ್ತು. ಸರುವಿನ ಕೈಯ ಪಕ್ಕದಲ್ಲೇ ಮರದ ಸ್ಕೇಲು ಇತ್ತು. ಮೇಜಿನ ಮೇಲೆ ಒಮ್ಮೆ ಕುಟ್ಟಿದರೆ ಸಾಕಿತ್ತು, ಕುಟ್ಟಲಿ ಎಂದೂ ಅನ್ನಿಸಿತು, ಕುಟ್ಟುವ ಹಕ್ಕು ಅವಳಿಗೆ ಬೇಕಾದಷ್ಟಿತ್ತು. ಸಾಲಿನ ನಡುವೆ ನಿಂತು ಅವಳ ಮುಖ ನೋಡಿದೆ. ಅವಳು ನೂಲನ್ನು ಹಲ್ಲಿನಿಂದ ತುಂಡು ಮಾಡಿ, “ಮುಂದೆ ಓದ್” ಎಂದಳು, ಅಷ್ಟೇ.

ನಿಮ್ಮಲ್ಲಿ ಸುಳ್ಳು ಹೇಳುವುದಿಲ್ಲ, ಆಗಲೂ ನನ್ನ ಹೊಟ್ಟೆ ಉರಿಯಿತು. ಅವಳ ಹೀಬ್ರೂವಿಗಲ್ಲ. ಹೀಬ್ರೂ ನನಗೂ ಇನ್ನು ಐದು ವರ್ಷದಲ್ಲಿ ಬಂದೀತು, ಬಾರದೆಯೂ ಇದ್ದೀತು. ತಪ್ಪು ಕಿವಿಗೆ ಬಿದ್ದ ಮೇಲೂ ಸುಮ್ಮನೆ ಹೊಲಿಯುತ್ತ ಕೂರುವುದು ಅವಳಿಗೆ ಎಲ್ಲಿಂದ ಬಂತು? ಅದನ್ನು ಕಲಿಸುವ ಆಪು ಯಾವುದೂ ನನ್ನ ಫೋನಿನಲ್ಲಿ ಸಿಕ್ಕುವುದಿಲ್ಲ.

ಸಂಜೆ ನಾಲ್ಕಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದರು. ನೀಲಿ ರವಿಕೆ ಸರಿಯಾಗಿ ಕೂತಿತ್ತು, ಬೆನ್ನಿನ ಒಳಗೆ ಒಂದು ಮೇಮ್ ಇಟ್ಟುಕೊಂಡು ನಾನು ಎಲ್ಲರಿಗೂ ಚಾಪೆ ಹಾಸಿದೆ. ಕೆಂಪು ಪೆನ್ನನ್ನು ಮಧ್ಯಾಹ್ನವೇ ಅಡುಗೆಮನೆಯ ಡಬ್ಬಿಯೊಂದರ ಹಿಂದೆ ಇಟ್ಟು ಬಂದಿದ್ದೆ. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ನಮ್ಮ ಹಳೆಯ ಕನ್ನಡ ಸತ್ಯವೇದವನ್ನು ತೆಗೆದುಕೊಂಡು, ಸರದಿಗೆ ಕಾಯದೆ, ನೇರ ಸರುವಿನ ಕೈಯಲ್ಲಿಟ್ಟು ಅವಳ ಎದುರಿಗೇ ಕೂತೆ.

ಅವಳು ಪುಸ್ತಕ ನೋಡಲಿಲ್ಲ. ಮೊದಲು ನನ್ನ ಕೈ ನೋಡಿದಳು.

ಕೈ ಖಾಲಿ ಇತ್ತು. ಆದರೂ ನನಗೆ ನನ್ನ ಮೇಲೆ ನಂಬಿಕೆ ಸಾಲದೆ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡೆ. ಸರು ಕನ್ನಡಕ ಸರಿಮಾಡಿಕೊಂಡು ಓದಲು ಶುರುಮಾಡಿದಳು, ದೊಡ್ಡಕ್ಕೆ.